ಮಾವನ ಬೆನ್ನಿನ ನೀಲಿ

ನಮ್ಮದು ಅಳಿಯಸಂತಾನದ ಮನೆ. ಮನೆ ಅಮ್ಮನದು, ಯಜಮಾನಿಕೆ ಅಮ್ಮನ ಅಣ್ಣನದು, ಅಂದರೆ ನನ್ನ ಮಾವನದು. ಅಪ್ಪ ಬಂಟ್ವಾಳದ ಶಾಲೆಯಲ್ಲಿ ಮಾಸ್ತರರು. ಮದುವೆಯಾಗಿ ಇಷ್ಟು ವರ್ಷವಾದರೂ ಚಾವಡಿಯಲ್ಲಿ ಅವರು ಕೂರುತ್ತಿದ್ದುದು ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ, ಈಗಲೋ ಆಗಲೋ ಎದ್ದು ಹೋಗಬೇಕಾದವರ ಹಾಗೆ. ಗೋಡೆಗೊಂದು ಮೊಳೆ ಹೊಡೆಯಬೇಕಾದರೂ ಮಾವನನ್ನು ಕೇಳಬೇಕಿತ್ತು. ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷ ಚಾವಡಿಗೆ ಸುಣ್ಣದಲ್ಲಿ ಬಣ್ಣ ಬೆರೆಸಿ ಬಳಿಯುವುದೆಂದಾಯಿತು. ಮಾವ ಹಳದಿ ಎಂದರು. ಅಪ್ಪ ಮೊದಲ ಸಲ ಬಾಯಿಬಿಟ್ಟು, "ನೀಲಿಯಾದರೆ ಕಣ್ಣಿಗೆ ತಂಪು ಬಾವ," ಎಂದರು.

ಮಾವನಿಗೆ ನಗು ಬಂತು. "ಆಗಲಿ, ಎರಡನ್ನೂ ಬಳಿದು ನೋಡುವ. ಯಾವುದು ಚಂದ ಉಂಟು ಅಂತ ಊರವರೇ ಹೇಳಲಿ."

ನೋಡುವುದಕ್ಕಷ್ಟೇ ತಾನೆ ಎಂದು, ಬಣ್ಣ ಮೈಗೆ ಹತ್ತದಂತೆ ಬೆರೆಸುವ ಅಂಟು ಹಾಕದೆ, ಒಂದು ಗೋಡೆಗೆ ಹಳದಿ, ಎದುರಿನದಕ್ಕೆ ನೀಲಿ ಬಳಿಸಿದರು. ಊರವರು ಬಂದರು. ಬೆಲ್ಲ ನೀರು ಕುಡಿದು, ಗೋಡೆಗೆ ಒರಗಿ, ಗೋಡೆಯೊಂದನ್ನು ಬಿಟ್ಟು ಉಳಿದೆಲ್ಲದರ ಬಗ್ಗೆ ಮಾತಾಡಿ ಹೋದರು. ಅಂಟಿಲ್ಲದ ಬಣ್ಣವೂ ಅವರ ಬೆನ್ನಿಗೆ ಹತ್ತಿಕೊಂಡು ಹೋಯಿತು. ಯಾರು ಯಾವ ಕಡೆ ಎಂದು ಪಾಣೆಮಂಗಳೂರು ಪೇಟೆಯಲ್ಲಿ ಬೆನ್ನು ನೋಡಿ ಹೇಳತೊಡಗಿದರು. ಇದು ತಿಳಿದ ಮೇಲೆ ಮಾವ ಬಂದವರನ್ನೆಲ್ಲ ಹಳದಿಯ ಬದಿಗೇ ಕೂರಿಸಿದರು.

ಒಂದು ಬೆಳಿಗ್ಗೆ ಮಾವ ಬಿಳಿ ಅಂಗಿ ತೊಟ್ಟು, ಪೇಟೆಯ ಬಸ್ಸಿಗೆ ಕಾಯುತ್ತ ಕೂತಿದ್ದರು. ಹಳದಿಯ ಬದಿಯಲ್ಲಿ ನೆಂಟರು ತುಂಬಿದ್ದರಿಂದ ಅವರಿಗೆ ಉಳಿದದ್ದು ನೀಲಿ. ಹಾರ್ನ್ ಕೇಳಿದ್ದೇ ಎದ್ದು ನಡೆದರು. ಬೆನ್ನಿಡೀ ನೀಲಿ. ಹೇಳಲೆಂದು ಅಪ್ಪ ಬಾಯಿ ತೆರೆದರು. ಅಡುಗೆಮನೆಯ ಬಾಗಿಲಲ್ಲಿದ್ದ ಅಮ್ಮ ಅವರನ್ನೇ ದುರುಗುಟ್ಟಿ ನೋಡಿದಳು. ಅಪ್ಪ ಬಾಯಿ ಮುಚ್ಚಿದರು.

ಪೇಟೆಯಲ್ಲಿ ಅಡಿಕೆ ಅಂಗಡಿಯ ಬ್ಯಾರಿ ಸಾಹುಕಾರರು, "ಎಂತ ಮಾರಾಯ್ರೆ, ಕಡೆಗೆ ನೀವೂ ನೀಲಿಗೇ ಬಂದಿರಾ?" ಎಂದು ಕೇಳಿದರಂತೆ. ಯಜಮಾನನಾದವನು ತನ್ನ ಬೆನ್ನಿನ ಸುದ್ದಿ ತನಗೇ ಗೊತ್ತಿಲ್ಲ ಎನ್ನುವುದು ಹೇಗೆ? ಮಾವ ಗಂಭೀರವಾಗಿ ಹೌದೆಂದು ತಲೆಯಾಡಿಸಿದರಂತೆ.

ಮನೆಗೆ ಬಂದವರೇ, "ನೀಲಿಯೇ ಇರಲಿ. ನಾನು ಮೊದಲಿಂದ ಹೇಳ್ತಾ ಇದ್ದದ್ದೂ ಅದನ್ನೇ," ಎಂದರು.

"ಹೌದು ಬಾವ," ಎಂದರು ಅಪ್ಪ.

ಅಂಟು ಹಾಕಿ ಬಳಿದ ನೀಲಿ ಒಣಗಿದ ದಿನ, ಅಪ್ಪ ಬೆಂಚು ಬಿಟ್ಟು ಚಾವಡಿಯ ನಡುವಿಗೆ ಬಂದು, ಗೋಡೆಗೆ ಒರಗಿ ಕಾಲು ಚಾಚಿ ಕೂತರು. ನನಗೆ ಕುಣಿಯುವಷ್ಟು ಖುಷಿಯಾಯಿತು. ತುಂಬ ಹೊತ್ತಿನ ಮೇಲೆ ಎದ್ದು, ಅಂಗಿ ಬಿಚ್ಚಿ, ಬೆನ್ನಿನ ಭಾಗವನ್ನು ಬೆಳಕಿಗೆ ಹಿಡಿದು ನೋಡಿದರು.

ಬಣ್ಣ ಹತ್ತಿರಲಿಲ್ಲ, ಪೇಟೆಯವರು ನೋಡಿ ಹೇಳಲು ಬೆನ್ನಲ್ಲಿ ಏನೂ ಇರಲಿಲ್ಲ. ಅಪ್ಪನ ಮುಖ ಸಣ್ಣದಾಯಿತು.