ಕಿವಿಯಕ್ಕನ ಬಿಸಿನೀರು

ಬೆಳಗಿನ ಐದೂವರೆ. ಶಟರ್ ಅರ್ಧ ಎತ್ತಿದ ಗ್ಯಾರೇಜಿನಲ್ಲಿ ಕಿವಿಯಕ್ಕ ಹೊಸ ಕಾರ್ಬುರೇಟರಿನ ಮೇಲೆ ಕುದಿಯುವ ನೀರು ಸುರಿಯುತ್ತಾರೆ. ಒಳಗಿನ ಸ್ಲೈಡನ್ನು ಬೆರಳಿನಿಂದ ಎತ್ತಿ ಬಿಡುತ್ತಾರೆ. ಆಕ್ಸಿಲರೇಟರ್ ಬಿಟ್ಟೊಡನೆ ಕೆಳಗಿಳಿದು ಗಾಳಿಯ ದಾರಿ ಮುಚ್ಚಬೇಕಾದ ತುಂಡು ಅದು. ಇಳಿಯುವುದಿಲ್ಲ. ಇದರ ಜೋಡಿ, ಇದೇ ಡಬ್ಬಿಯಲ್ಲಿ ಬಂದದ್ದು, ನಿನ್ನೆ ಸಂಜೆಯೇ ಆಸ್ಪತ್ರೆಯ ನರ್ಸಮ್ಮನ ಬೈಕಿಗೆ ಕೂತು ಹೋಗಿದೆ.

ಇಂಜಿನ್ನಿನ ಸದ್ದು ಕೇಳಿಯೇ ಪೆಟ್ರೋಲು, ಗಾಳಿಯ ಹದ ಹೇಳುವುದರಿಂದ ಐವತ್ತೊಂದರ ಈ ಮೆಕ್ಯಾನಿಕ್‌ಗೆ ಆ ಹೆಸರು. ಸಣ್ಣ ಬೈಕುಗಳಿಗೆ ಕಂಪನಿ ಕಾರ್ಬುರೇಟರ್ ಈಗ ಸಿಗುವುದೇ ಅಪರೂಪ. ಬರುವುದೆಲ್ಲ ಲೋಕಲ್ ಮಾಲು. ಅದರಲ್ಲಿ ಕೆಲವು, ಇಂಜಿನ್ನಿನ ಬಿಸಿಗೆ ಉಬ್ಬಿ ಸ್ಲೈಡನ್ನು ಹಿಡಿದುಬಿಡುತ್ತವೆ, ಬೈಕಿನ ವೇಗ ಇಳಿಯುವುದೇ ಇಲ್ಲ. ಹತ್ತರಲ್ಲಿ ಮೂರನ್ನು ಅಕ್ಕ ವಾಪಸ್ ಕಳಿಸುತ್ತಾರೆ. "ಬೆಳ್ಳಗಿರೋದೆಲ್ಲ ಹಾಲಲ್ಲ. ಬಿಸಿನೀರು ಹಾಕಿದ್ರೆ ಬಣ್ಣ ಬಯಲಾಗುತ್ತೆ," ಎನ್ನುತ್ತಾರೆ. ಈ ಪಾಠ ಕಲಿಸಿದ್ದು ತಮ್ಮನ ಕಾಲು. ನಾಲ್ಕು ವರ್ಷದ ಹಿಂದೆ ಇವರೇ ಹಾಕಿಕೊಟ್ಟ ಕಾರ್ಬುರೇಟರಿನ ಸ್ಲೈಡ್ ತಿರುವಿನಲ್ಲಿ ಸಿಕ್ಕಿಕೊಂಡು ಅವನ ಬೈಕ್ ಉರುಳಿತ್ತು. ಅವನೀಗ ಊರುಗೋಲು ಹಿಡಿದು ಇಲ್ಲೇ ಬಿಡಿಭಾಗ ನೋಡಿಕೊಳ್ಳುತ್ತಾನೆ.

ಅಷ್ಟಾಗಿಯೂ ನಿನ್ನೆ ಅಕ್ಕ ಬಿಸಿನೀರು ಹಾಕಲಿಲ್ಲ. ಮೋಸ ಮಾಡಿದ್ದು ಅವರ ಕಿವಿಯೇ. "ಟ್ಯೂನಿಂಗ್ ಕೂತಿತ್ತು, ಸದ್ದು ಅಷ್ಟು ಚೆಂದ ಇತ್ತು. ಅದಕ್ಕೇ ಮರುಳಾದೆ," ಎನ್ನುತ್ತಾರೆ ತಮ್ಮನಿಗೆ.

ನರ್ಸಮ್ಮ ಫೋನ್ ಎತ್ತುತ್ತಿಲ್ಲ. ಆರಕ್ಕೆ ಅವರು ಡ್ಯೂಟಿಗೆ ಹೊರಡುತ್ತಾರೆ, ದಾರಿಯಲ್ಲಿ ದೊಡ್ಡ ಇಳಿಜಾರು. ಅಕ್ಕ ಮತ್ತೆ ನಂಬರ್ ಒತ್ತುತ್ತಾರೆ.

"ಫೋನ್ ನಾನು ಮಾಡ್ತಿರ್ತೀನಿ. ನೀನು ಹೊರಡಕ್ಕ," ಎನ್ನುತ್ತಾನೆ ತಮ್ಮ.

ನಿನ್ನೆ ಬಿಚ್ಚಿಟ್ಟಿದ್ದ ನರ್ಸಮ್ಮನ ಹಳೆಯ ಕಾರ್ಬುರೇಟರನ್ನು ಚೀಲಕ್ಕೆ ಹಾಕಿಕೊಂಡು ಅಕ್ಕ ಬೈಕ್ ಹತ್ತುತ್ತಾರೆ. ಮುಂದೆಲ್ಲಾದರೂ ಜನ ಗುಂಪುಗೂಡಿದ್ದಾರೇನೋ ಎಂದು ಪ್ರತಿ ತಿರುವಿನಲ್ಲೂ ಇಣುಕುತ್ತಾರೆ. ಇಳಿಜಾರು ಶುರುವಾಗುವಲ್ಲಿರುವ ಪೆಟ್ರೋಲ್ ಬಂಕಿನಲ್ಲಿ ನರ್ಸಮ್ಮ ಟ್ಯಾಂಕ್ ತುಂಬಿಸಿ ಸ್ಟಾರ್ಟ್ ಮಾಡುತ್ತಿದ್ದಾರೆ. ಆಕ್ಸಿಲರೇಟರ್ ತಿರುವಿ ಬಿಟ್ಟರೂ ಸದ್ದು ಇಳಿಯುವುದಿಲ್ಲ. ಅಕ್ಕ ಓಡಿಹೋಗಿ ಕೀ ಕಿತ್ತುಕೊಳ್ಳುತ್ತಾರೆ.

ಹಳೆಯದನ್ನು ಮತ್ತೆ ಕೂರಿಸುವಷ್ಟರಲ್ಲಿ ಏಳು ಗಂಟೆ. "ನಿಮ್ಮಿಂದ ತಡವಾಗಿ ಇವತ್ತು ಅರ್ಧ ದಿನದ ರಜೆ ಹೋಯ್ತು. ಇದನ್ನ ನಿನ್ನೇನೇ ನೋಡೋಕೆ ಏನಾಗಿತ್ತು?" ಎಂದು ನರ್ಸಮ್ಮ ಹೊರಡುವವರೆಗೂ ಬೈಯುತ್ತಲೇ ಇರುತ್ತಾರೆ.

ಅಕ್ಕ ಗ್ಯಾರೇಜಿಗೆ ಮರಳುತ್ತಾರೆ. ನರ್ಸಮ್ಮ ಏನಂದರು ಎಂದು ತಮ್ಮ ಕೇಳುತ್ತಾನೆ.

"ಬಾಯಿಗೆ ಬಂದ ಹಾಗೆ ಬೈದ್ರು," ಎನ್ನುತ್ತಾರೆ ಅಕ್ಕ. "ಬೈಲಿ ಬಿಡು. ಬೈಯೋಕೆ ಇದ್ದಾರಲ್ಲ."