ಎಣ್ಣೆಯ ಜಾಡು ಹಿಡಿಯುವ ಅಕ್ಕಾರು

ಎಡ ಮುಂಗೈ ಮೇಲೆ, ಬಳೆ ಇರಬೇಕಾದ ಜಾಗದಲ್ಲಿ, ಇಂಜಿನ್ನಿನ ಹೊಗೆಕೊಳವೆ ತಾಗಿ ಸುಟ್ಟ ಕಲೆಯೊಂದಿತ್ತು ಅವರಿಗೆ. ನಾವೆಲ್ಲ ಅಕ್ಕಾರು ಎನ್ನುತ್ತಿದ್ದೆವು. ಝಳಕಿಯ ಹೆದ್ದಾರಿಯಿಂದ ಒಳಗಿದ್ದ ಸಣ್ಣ ವಿಮಾನ ತರಬೇತಿ ಶಾಲೆಯಲ್ಲಿ ಹಿರಿಯ ಮೆಕ್ಯಾನಿಕ್, ಬಸವನ ಬಾಗೇವಾಡಿಯವರು. ನಾನು ಸಿಂದಗಿಯವನು, ಅವರಿಗಿಂತ ಹೆಚ್ಚು ಓದಿದವನು, ಅದನ್ನು ದಿನಕ್ಕೆರಡು ಸಲ ನೆನೆಸಿಕೊಳ್ಳುತ್ತಿದ್ದವನು.

ಇಂಜಿನ್ನಿನಡಿ ಎಣ್ಣೆ ತೊಟ್ಟಿಕ್ಕಿದರೆ ನಾನು ತಕ್ಷಣ ಪಾನಾ ಹಿಡಿದು ಸಿಕ್ಕ ಬೋಲ್ಟ್ ಬಿಗಿಯುತ್ತಿದ್ದೆ. ಅವರು ಮೊದಲು ಇಂಜಿನ್ ತೊಳೆದು ಒರೆಸಿ, ಅನುಮಾನವಿದ್ದ ಕಡೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ, ಐದು ನಿಮಿಷ ಓಡಿಸಿ ನಿಲ್ಲಿಸುತ್ತಿದ್ದರು. ಒದ್ದೆಯಾದ ಪೌಡರೇ ಸೋರುವ ಜಾಗ ತೋರಿಸುತ್ತಿತ್ತು. ಒಮ್ಮೆ ನಾನು ಎರಡು ದಿನ ಹುಡುಕಿ ಸೋತಾಗ, ಎಣ್ಣೆ ಎಷ್ಟು ಹಾಕಿದ್ದೀ ಎಂದಷ್ಟೇ ಕೇಳಿದರು. ಪೂರ್ತಿ ಎಂದೆ.

"ಹೆಚ್ಚಾಗೇತಿ ತಮ್ಮಾ. ಬ್ಯಾಡಾದದ್ದನ್ನ ಅದು ಹೊರಗ ಹಾಕಾಕತ್ತೈತಿ."

ಗಾಳಿ ಹೋಗುವ ಕೊಳವೆಯಿಂದ ಬಿದ್ದ ಎಣ್ಣೆಯನ್ನು ನಾನು ಸೋರಿಕೆ ಎಂದುಕೊಂಡಿದ್ದೆ. ಎಲ್ಲರೂ ನಕ್ಕರು. ಅಕ್ಕಾರು ನಗಲಿಲ್ಲ, ನನಗೆ ಉರಿದದ್ದು ಅದಕ್ಕೇ.

ಮುಂದೊಂದು ಮುಂಜಾನೆ, ಅವರು ನೋಡಿ ಮುಗಿಸಿದ ವಿಮಾನದಲ್ಲಿ ರಬ್ಬರ್ ಕೊಳವೆಯ ಕ್ಲಾಂಪ್ ಸಡಿಲಾಗಿ ಎಣ್ಣೆ ಜಿನುಗುತ್ತಿದ್ದುದನ್ನು ಕಂಡೆ. ಹೇಳಲಿಲ್ಲ. ವಿಮಾನ ಮೈಯೆಲ್ಲ ಎಣ್ಣೆ ಬಳಿದುಕೊಂಡು ಇಳಿದು ಬರಲಿ, ಆಗ ಇವರ ಹೆಸರು ಏನಾಗುತ್ತದೋ ನೋಡೋಣ ಎಂದುಕೊಂಡೆ. ಬಿಸಿಲೇರಿದ ಮೇಲೆ, ಹಾರಾಟ ಕಲಿಯುವ ಹುಡುಗಿ ಬಂದು ಒಳಗೆ ಕೂತಳು. ವಿಮಾನದ ಮೂತಿಯ ಫ್ಯಾನು ತಿರುಗತೊಡಗಿತು. ಮೇಲೆ ಹೋದಾಗ ಕೊಳವೆ ಕಳಚಿ, ಎಣ್ಣೆಯೆಲ್ಲ ಸೋರಿ ಇಂಜಿನ್ ನಿಂತೇ ಬಿಟ್ಟರೆ? ಎದುರಿಗೆ ಓಡಿ, ಕೈ ಬೀಸಿ ನಿಲ್ಲಿಸಿದೆ.

ಅಕ್ಕಾರು ಕ್ಲಾಂಪ್ ಬಿಗಿದು, ಯಾವಾಗ ಕಂಡಿ ಎಂದು ಕೇಳಿದರು. ಸುಳ್ಳು ಹೇಳಲಾಗಲಿಲ್ಲ.

"ಮುಂಜಾನೆನ ಕಂಡಿದ್ನಿರಿ."

ನನ್ನ ಮುಖವನ್ನೇ ನೋಡಿದರು. "ಸಿಟ್ಟು ನನ್ನ ಮ್ಯಾಲ ಇರ್ಲಿ. ಆ ಹುಡುಗಿ ನಿನಗ ಏನ್ ಮಾಡಿದ್ಲು?"

ಆಮೇಲೆ ದಾಖಲೆ ಪುಸ್ತಕದಲ್ಲಿ, ತಮ್ಮ ಕಣ್ಣಿಗೆ ಬೀಳದ ಸೋರಿಕೆಯನ್ನು ನಾನು ಕಂಡು ವಿಮಾನ ತಡೆದೆನೆಂದು ಬರೆದು ಸಹಿ ಹಾಕಿದರು. ಮುಂಜಾನೆಯ ಮಾತನ್ನು ಬರೆಯಲಿಲ್ಲ. ಆ ಒಂದು ಸಾಲಿನಿಂದ ನನ್ನ ಕೆಲಸ ಉಳಿಯಿತು.

ಕಳೆದ ವರ್ಷ ಅಕ್ಕಾರು ತೀರಿಕೊಂಡರು. ಬಾಗೇವಾಡಿಗೆ ಹೋದಾಗ ಅವರ ಯಜಮಾನರು ನನ್ನ ಹೆಸರು ಕೇಳಿ ಎದ್ದು ನಿಂತರು. "ನಿಮ್ಮ ಬಗ್ಗೆ ಭಾಳ ಹೇಳ್ತಿದ್ಲರಿ. ಅವನ ಕಣ್ಣು ನನಗಿಂತ ಚುರುಕು ಅಂತಿದ್ಲು."

ನಿಜ ಹೇಳದೆಯೇ ಅವರು ತೋರಿಸಿದ ಕುರ್ಚಿಯಲ್ಲಿ ಕೂತೆ. ಅಲ್ಲಿ ಕೂತಾಗಲೂ ಹೊಟ್ಟೆಕಿಚ್ಚೇ ಆಯಿತು. ಅವರ ಕೈಗುಣ ದುಡಿದರೆ ನನಗೂ ಬಂದೀತು. ತನಗೆ ಕೇಡು ಬಯಸಿದವನ ಬಗ್ಗೆ ಮನೆಯಲ್ಲಿ ಹಾಗೆ ಮಾತಾಡುವ ಮನಸ್ಸು ಎಲ್ಲಿಂದ ತರಲಿ?