ಅಮಾವಾಸ್ಯೆಯ ದಿನ ಬಂದ ಕುಬಸದ ಸೀರೆ

ಕೊರಿಯರಿನವರ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಬಾಗಿಲಿಗೆ ಬೀಗ ಕಂಡರೆ ಸಾಕು, ಸಾಮಾನನ್ನು ಹೊಸ್ತಿಲ ಮುಂದೆ ಇಟ್ಟು ನಡೆದುಬಿಡುತ್ತಾರೆ. ಹಾಗೆ ಇಟ್ಟದ್ದು ಕಳುವಾದೀತೆಂದು ಎಲ್ಲರೂ ಹೆದರುತ್ತಾರೆ. ನನ್ನ ಪಾರ್ಸೆಲ್ಲನ್ನು ಯಾರೂ ಕದಿಯಲಿಲ್ಲ. ಮಾಟವೆಂದು ತಿಳಿದು ಎಸೆದು ಬಂದರು.

ಅದು ತೊಂಬತ್ತರ ದಶಕದ ಕೊನೆ. ಮರಾಠಿ ಸೀಮೆಯ ನಿಗಡಿಯ ಕಾಲನಿಯೊಂದರಲ್ಲಿ ನಮ್ಮದು ಕೆಳಗಿನ ಮನೆ. ಯಜಮಾನರಿಗೆ ಚಿಂಚವಾಡದ ಕಾರಖಾನೆಯಲ್ಲಿ ಕೆಲಸ. ನಾನು ಏಳು ತಿಂಗಳ ಬಸುರಿ. ಆಗ ತವರಿನವರು ಹಸಿರು ಸೀರೆ ತಂದು, ಉಡಿ ತುಂಬಿ, ಕುಬಸ ಮಾಡುವುದು ನಮ್ಮ ಕಡೆಯ ಪದ್ಧತಿ. ಆದರೆ ಧಾರವಾಡದಲ್ಲಿದ್ದ ಅವ್ವನಿಗೆ ಕಣ್ಣು ಮಸುಕಾಗಿ ಪ್ರಯಾಣ ಮಾಡುವಂತಿರಲಿಲ್ಲ. ಅಂಥ ಕಣ್ಣಲ್ಲೇ ಆಕೆ ಹಸಿರು ಸೀರೆಯ ಸೆರಗಿಗೆ ಕಸೂತಿ ಹಾಕಿದ್ದಳು. "ಇದ ಕಡೀದವ್ವಾ. ಇನ್ನ ನನಗ ಸೂಜಿ ಕಾಣಂಗಿಲ್ಲ" ಎಂದು ಫೋನಿನಲ್ಲಿ ಹೇಳಿದಾಗ ನಾನು ಬೂತಿನಲ್ಲೇ ಅತ್ತುಬಿಟ್ಟೆ.

ಅಲ್ಲಿಯವರೆಗೆ ತವರಿನ ಸಾಮಾನು ಯಾರಾದರೂ ಪರಿಚಯದವರ ಜೊತೆ ಬಸ್ಸಿನಲ್ಲಿ ಬರುತ್ತಿತ್ತು, ನಾವು ಬಸ್ಸು ನಿಲ್ಲುವ ಕಾತ್ರಜಕ್ಕೆ ಹೋಗಿ ಇಳಿಸಿಕೊಳ್ಳುತ್ತಿದ್ದೆವು. ಈ ಸಲ ಅಣ್ಣ ಜಾಣತನ ತೋರಿಸಿ ಕೊರಿಯರ್ ಮಾಡಿದ. ಅವ್ವ ಸುಮ್ಮನಿದ್ದಾಳೆಯೇ? ಸೀರೆಯನ್ನು ಬಿಳಿ ಬಟ್ಟೆಯಲ್ಲಿಟ್ಟು ಹೊಲಿದು, ಶುಭದ ಸಾಮಾನೆಂದು ನಾಲ್ಕೂ ಮೂಲೆಗೆ ಅರಿಸಿನ ಕುಂಕುಮ ಹಚ್ಚಿ, ಬಸುರಿಯ ಸೀರೆಗೆ ದೃಷ್ಟಿ ತಾಗದಿರಲೆಂದು ಕರಿದಾರ ಸುತ್ತಿ ಕಳಿಸಿದ್ದಳು.

ಎಷ್ಟು ಕಾದರೂ ಪಾರ್ಸೆಲ್ಲು ಬರಲಿಲ್ಲ. ಹೊಟ್ಟೆ ಹೊತ್ತುಕೊಂಡು ಕೊರಿಯರ್ ಆಫೀಸಿಗೆ ಹೋದೆ. ಅಮಾವಾಸ್ಯೆಯ ದಿನವೇ ಮನೆಗೆ ತಲುಪಿಸಿದ್ದೇವೆ, ಬೀಗ ಇತ್ತು, ಬಾಗಿಲಲ್ಲಿ ಇಟ್ಟಿದ್ದೇವೆ ಎಂದರು. ಆ ಹೊತ್ತಿಗೆ ನಾನು ದವಾಖಾನೆಯಲ್ಲಿದ್ದೆ. "ಇಟ್ಟ ಮೇಲೆ ನಮ್ಮ ಕೆಲಸ ಮುಗಿಯಿತು" ಎಂದಾಗ ನನ್ನ ಮೈಯೆಲ್ಲ ಉರಿದುಹೋಯಿತು. ನನಗೆ ಬರುವ ಮರಾಠಿಯನ್ನೆಲ್ಲ ಅವತ್ತು ಅಲ್ಲೇ ಖರ್ಚು ಮಾಡಿದೆ.

ಮನೆಗೆ ಬಂದು ಮೇಲಿನ ಮನೆಯ ಆಜಿಯನ್ನು ಕೇಳಿದೆ. ಗಂಡ ತೀರಿಕೊಂಡ ಮೇಲೆ ಮಗನ ಹತ್ತಿರ ಇದ್ದ ಮರಾಠಿ ಮುದುಕಿ ಆಕೆ, ನಾನೆಂದರೆ ಜೀವ. ದನಿ ತಗ್ಗಿಸಿ ಹೇಳಿದಳು: "ಹೆದರಬೇಡ ಪೋರಿ. ಅಮಾವಾಸ್ಯೆ ನೋಡಿ ಯಾರೋ ನಿನ್ನ ಬಾಗಿಲಿಗೆ ಮಾಟ ಮಾಡಿಟ್ಟಿದ್ದರು. ಕುಂಕುಮ, ಕರಿದಾರ! ನೀನು ದಾಟಬಾರದೆಂದು ಕೋಲಿನಿಂದ ಹಳೇ ಮೊರದೊಳಗೆ ತಳ್ಳಿ, ಮೂರು ದಾರಿ ಕೂಡುವಲ್ಲಿ ಹಾಕಿ ಬಂದೆ. ನಿನ್ನ ಹೊಸ್ತಿಲನ್ನೂ ತೊಳೆದೆ. ನೀನು ಹೆದರೀಯೆಂದು ಹೇಳಿರಲಿಲ್ಲ."

"ಆಜಿ, ಅದು ನಮ್ಮವ್ವ ಕಳಿಸಿದ ಸೀರೆ!" ಎಂದು ಚೀರಿದೆ. ವಿಳಾಸದ ಚೀಟಿ ಗಂಟಿನ ಅಡಿಗಿದ್ದಿರಬೇಕು, ಆಕೆಗೆ ಕಾಣಲೇ ಇಲ್ಲವಂತೆ.

ಇಬ್ಬರೂ ಹೋದೆವು. ಹಾಳು ಚಿಂದಿಯನ್ನೂ ಬಿಡದೆ ಆಯ್ದುಕೊಂಡು ಹೋಗುವ ಊರಿದು, ಹೊಸ ಸೀರೆ ಉಳಿದೀತೆ ಎಂದು ನಾನು ಆಸೆ ಬಿಟ್ಟಿದ್ದೆ. ಆದರೆ ಗಂಟು ಇಟ್ಟಲ್ಲೇ ಇತ್ತು. ಕಸ ಗುಡಿಸುವವರು ಅದರ ಸುತ್ತ ಗುಡಿಸಿ ಬಿಟ್ಟಿದ್ದರು, ಸೈಕಲ್ಲಿನವರು ದೂರದಿಂದ ಬಳಸಿ ಹೋಗುತ್ತಿದ್ದರು. ಆಜಿಯ ಭಯ ಇಡೀ ನಿಗಡಿಗೂ ಇತ್ತು. ಅದರಿಂದಲೇ ನನ್ನ ಸೀರೆ ಉಳಿದಿತ್ತು. ನಾನು ರಸ್ತೆಯಲ್ಲೇ ಕೂತು ಹೊಲಿಗೆ ಬಿಚ್ಚಿದೆ. ನಗು, ಅಳು ಎರಡೂ ಒಟ್ಟಿಗೇ ಬಂದವು. ಬಸುರಿಯೊಬ್ಬಳು ಮಾಟದ ಗಂಟು ಬಿಚ್ಚುವುದನ್ನು ನೋಡಿ ಸ್ಕೂಟರಿನವನೊಬ್ಬ ಬಂದ ದಾರಿಯಲ್ಲೇ ತಿರುಗಿ ಹೋದ.

ಸೆರಗಿನಲ್ಲಿ ಸಾಲಾಗಿ ಆನೆಗಳು. ದೂರ ನಿಂತಿದ್ದ ಆಜಿ ಹತ್ತಿರ ಬಂದು, ಒಂದೊಂದನ್ನೂ ಬೆರಳಿನಿಂದ ಸವರಿದಳು. "ಅವ್ವ ಬರುವುದಿಲ್ಲ ಆಜಿ. ನೀವೇ ನನಗೆ ಉಡಿ ತುಂಬಿ" ಎಂದೆ. ಆಕೆ ಕೈ ಹಿಂದಕ್ಕೆಳೆದುಕೊಂಡಳು. "ನಾನು ವಿಧವೆ. ಇಷ್ಟು ಕೆಡಿಸಿದ್ದು ಸಾಲದೆ? ಯಾರಾದರೂ ಮುತ್ತೈದೆಯನ್ನು ಕರೆ" ಎಂದಳು.

ಸಂಜೆ ಬೂತಿಗೆ ಹೋಗಿ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಸೀರೆ ಎಸೆದ ಕಥೆಗೆ ಆಕೆ ಬೈಯುತ್ತಾಳೆಂದುಕೊಂಡಿದ್ದೆ. ಆಕೆ ಕೇಳಿದ್ದೇ ಬೇರೆ: "ನಾ ಏನ ಮುತ್ತೈದಿ ಇದ್ದೇನೇನ? ನಿಮ್ಮಪ್ಪ ಹೋಗಿ ಎಷ್ಟ ವರ್ಷಾತು? ಕಣ್ಣ ಛಲೋ ಇದ್ದಿದ್ರ ನಾನ ಬಂದು ತುಂಬತಿದ್ನಿ. ಯಾರ ಏನರ ಅನ್ಲಿ. ನಿನ್ನ ಸಲುವಾಗಿ ಮಾಟಕ್ಕ ಕೈ ಹಾಕ್ಯಾಳ ಆಕಿ. ಆಕೀ ಕೈಲೇನ ತುಂಬಿಸ್ಕೋ."

ಆ ಮಾತನ್ನು ಮರಾಠಿಗೆ ತಂದು ಆಜಿಗೆ ಹೇಳಿದೆ.

ಕುಬಸಕ್ಕೆಂದು ಗೊತ್ತುಮಾಡಿದ್ದ ಶುಕ್ರವಾರ ಆಜಿ ಸ್ನಾನ ಮಾಡಿ, ತಾನಾಗಿಯೇ ಕೆಳಗಿಳಿದು ಬಂದಳು. ನಾನು ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದೆ. ಬೊಗಸೆ ತುಂಬ ಅಕ್ಕಿ ತೆಗೆದಳು. ಬೆರಳ ಸಂದಿನಿಂದ ಸೋರಿ ಅರ್ಧ ನೆಲಕ್ಕೇ ಬಿತ್ತು. ನಾನು ಸೆರಗನ್ನು ಇನ್ನಷ್ಟು ಅಗಲವಾಗಿ ಒಡ್ಡಿದೆ.